ಎಕ್ಸ್‌ಟ್ರಾ ಆಟಗಾರನ ಹಾಜರಿ

ಬಾವಿಯ ಹತ್ತಿರ ಬರುವ ಹೊತ್ತಿಗೆ ಪೀಪಿ ಮೇಷ್ಟ್ರ ಒಂದು ಕೈಯಲ್ಲಿ ಹಾಲಿನ ಪ್ಯಾಕೆಟ್ಟುಗಳಿದ್ದವು, ಇನ್ನೊಂದರಲ್ಲಿ ಫೋನಿತ್ತು, ತುಟಿಯ ಮೇಲೆ ಸಿಳ್ಳೆಯಿತ್ತು. ಆ ಸಿಳ್ಳೆ ಖುಷಿಗೆ ಹಾಕಿದ್ದಲ್ಲ… ಕತ್ತಲೆಗೆ ಹಾಕಿದ್ದು.

ಇನ್ನೂ ಸ್ವಲ್ಪ ಹತ್ತಿರ ಬನ್ನಿ. ಗಂಟಲು ಹರಿದುಕೊಂಡು ಹೇಳುವ ಕತೆಯಲ್ಲ ಇದು. ನನ್ನ ವಿಷಯ ನಿಮಗೆ ಗೊತ್ತೇ ಇದೆ. ಈ ಜನ್ಮದಲ್ಲಿ ಏಳು ದೆವ್ವಗಳನ್ನು ಬರಿಗೈಯಲ್ಲಿ ಓಡಿಸಿದವನು ನಾನು. ಎಂಟನೆಯದು ನನ್ನನ್ನು ಓಡಿಸಿತು, ಆ ಮಾತು ಬೇರೆ. ಆ ಎಂಟು ಕತೆಗಳಿಗೆ ಅಲ್ಲಲ್ಲಿ ಒಂದಿಷ್ಟು ಉಪ್ಪು ಖಾರ ಹಚ್ಚಿರಬಹುದು, ಇಲ್ಲ ಅನ್ನುವುದಿಲ್ಲ. ಇದಕ್ಕೆ ಹಚ್ಚಿಲ್ಲ. ಇದು ನಡೆದದ್ದು ನನ್ನ ದೊಡ್ಡಪ್ಪನ ಮಗನಿಗೆ.

ದೊಡ್ಡಪ್ಪನ ಮಗ ಅಂದರೆ ಇದೇ ಪೀಪಿ ಮೇಷ್ಟ್ರು. ಶಾಲೆಯಲ್ಲಿ ಆಟ ಕಲಿಸುವ ಮೇಷ್ಟ್ರು. ಕೊರಳಿಗೆ ಸದಾ ಒಂದು ಪೀಪಿ, ಮಲಗುವಾಗಲೂ ಬಿಚ್ಚುವುದಿಲ್ಲ. ಗಂಟಲು ನಮ್ಮ ಮನೆತನದ್ದು. ಅವರು ಮೈದಾನದಲ್ಲಿ ನಿಂತು ‘ಸಾಲಾಗಿ ನಿಲ್ಲಿ!’ ಅಂದರೆ ಆಚೆ ಬೀದಿಯ ಬ್ಯಾಂಕಿನಲ್ಲಿ ಜನ ಸಾಲಾಗಿ ನಿಲ್ಲುತ್ತಿದ್ದರು. ಸಂಜೆ ಆಟ ಮುಗಿಯಿತೋ, ಉದ್ದಕ್ಕೆ ಒಂದು ಪೀಪಿ, ಆಮೇಲೆ ಒಂದೇ ಅಪ್ಪಣೆ: ‘ಡಿಸ್‌ಪರ್ಸ್! ಸೀದಾ ಮನೆಗೆ!’ ಅಷ್ಟೇ. ಮೈದಾನ ಖಾಲಿ. ಆ ಅಪ್ಪಣೆ ಮೀರಿದ ಮಗು ಇನ್ನೂ ಹುಟ್ಟಿಲ್ಲ ಅಂತ ಅವರ ಜಂಬ.

ಆ ಸಲ ರಜೆಗೆ ಸಂಸಾರ ಸಮೇತ ಹೊರಟಿದ್ದರು. ಹೆಂಡತಿ, ಮಗಳು ಪುಟ್ಟಿ, ಜೊತೆಗೆ ಅತ್ತೆ. ಅತ್ತೆಗೆ ಕಿವಿ ಮಂದ. ಹಿಂದೊಮ್ಮೆ ಪ್ರವಾಸದಲ್ಲಿ ರೈಲ್ವೆ ಸ್ಟೇಷನ್ನಿನ ಗದ್ದಲದಲ್ಲಿ ಅವರು ತಪ್ಪಿಸಿಕೊಂಡು, ಇಡೀ ಮಧ್ಯಾಹ್ನ ಹುಡುಕಿ ಹುಡುಕಿ ಎಲ್ಲರ ಜೀವ ಬಾಯಿಗೆ ಬಂದಿತ್ತು. ಅದಕ್ಕೇ ಹೊರಡುವ ಮುಂಚೆ ಹೆಂಡತಿ ಒಂದು ಮಾತು ಹೇಳಿದ್ದರು.

“ನೋಡ್ರೀ, ಅಮ್ಮನ್ನ ಕರ್ಕೊಂಡು ಬರ್ತೀನಿ. ಆದ್ರೆ ಈ ಸಲ ಅಮ್ಮ ಕಳೆದುಹೋದ್ರೆ, ನೀವೂ ಮನೆಗೆ ಬರೋದು ಬೇಡ.”

“ಕಳೆಯೋ ಮಾತೇ ಇಲ್ಲ,” ಅಂದರು ಮೇಷ್ಟ್ರು. “ಎಲ್ಲಾ ಫೋನ್ ನೋಡ್ಕೊಳ್ಳುತ್ತೆ.”

ನಿಜಕ್ಕೂ ಎಲ್ಲವನ್ನೂ ಫೋನೇ ನೋಡಿಕೊಳ್ಳುತ್ತಿತ್ತು. ಉಳಿದುಕೊಳ್ಳುವ ಮನೆ ಗೊತ್ತುಮಾಡಿದ್ದು ಫೋನು. ಆ ಮನೆಯ ಬಾಗಿಲಿಗೆ ಕೀಲಿಯಿಲ್ಲ, ಅಂಕಿ ಒತ್ತಿದರೆ ತೆರೆಯುವ ಬೀಗ. ಅಂಕಿಯನ್ನು ಓನರ್ ಫೋನಿಗೇ ಕಳಿಸಿದ್ದ, ಅವನ ಮುಖ ಯಾರೂ ಕಂಡವರಲ್ಲ. ದಾರಿ ಹೇಳುವುದು ಫೋನಿನೊಳಗಿನ ಹೆಂಗಸು. ಎಲ್ಲಿ ಜನ ಕಮ್ಮಿ, ಎಲ್ಲಿ ಊಟ ಚೆನ್ನ, ನಾಳೆ ಮಳೆಯೋ ಬಿಸಿಲೋ… ಎಲ್ಲ ಅಂಗೈಯಲ್ಲಿ. “ಅಳಿಯಂದಿರೇ,” ಅಂದರಂತೆ ಅತ್ತೆ, “ಇಷ್ಟೆಲ್ಲ ಅದಕ್ಕೇ ಗೊತ್ತಿದ್ದ ಮೇಲೆ ಅದೇ ಒಂದು ಸುತ್ತು ಹೋಗಿ ಬರಲಿ. ನಾವು ಮನೇಲಿ ಕಾಲು ಚಾಚಿ ಮಲಗೋಣ.”

ಕಾರೂ ಕಮ್ಮಿಯದಲ್ಲ. ಹೊಸದು. ಯಾವ ಸೀಟಿನ ಮೇಲೆ ಭಾರ ಬಿದ್ದು ಬೆಲ್ಟ್ ಹಾಕಿಲ್ಲವೋ, ಆ ಸೀಟನ್ನು ಕೆಂಪಗೆ ತೋರಿಸಿ ಟಿಂಗ್… ಟಿಂಗ್… ಅಂತ ಪ್ರಾಣ ಹಿಂಡುವ ಕಾರು. ದಾರಿಯಲ್ಲಿ ಒಂದು ಕಲ್ಲಂಗಡಿ ಕೊಂಡು ಹಿಂದಿನ ಸೀಟಿನಲ್ಲಿಟ್ಟರೆ ಅದಕ್ಕೂ ಬೆಲ್ಟ್ ಹಾಕಬೇಕಾಯಿತು. ಅತ್ತೆಗೆ ರೇಗಿತು. “ನನ್ನ ಗಂಡ ಕೂಡ ನನ್ನನ್ನು ಇಷ್ಟು ಗದರಿಸಿರಲಿಲ್ಲ.”

ಇವೆಲ್ಲಕ್ಕಿಂತ ದೊಡ್ಡ ಜಂಬ ಮೇಷ್ಟ್ರಿಗೆ ಇದ್ದದ್ದು ಬಿಲ್ಲೆಗಳ ಮೇಲೆ. ಪೆಟ್ಟಿಗೆ ಕಳೆದುಹೋಗದ ಹಾಗೆ ಅದಕ್ಕೆ ನೇತುಹಾಕುವ, ಬಿಸ್ಕತ್ತಿಗಿಂತ ಚಿಕ್ಕ ಪ್ಲಾಸ್ಟಿಕ್ ಬಿಲ್ಲೆ. ಫೋನಿನಲ್ಲಿ ಒತ್ತಿದರೆ ಬಿಲ್ಲೆ ಇದ್ದಲ್ಲಿಂದ ಕೂಗುತ್ತದೆ. ಲೋಕದ ಜನ ಅದನ್ನು ಪೆಟ್ಟಿಗೆಗೆ ಕಟ್ಟುತ್ತಾರೆ. ನಮ್ಮ ಮೇಷ್ಟ್ರು ಸಂಸಾರಕ್ಕೆ ಕಟ್ಟಿದರು. ಎಲ್ಲರ ಕೊರಳಿಗೂ ಒಂದೊಂದು ದಾರ, ಒಂದೊಂದು ಬಿಲ್ಲೆ, ಒಂದೊಂದು ಕೂಗು. ತಮ್ಮದಕ್ಕೆ ಕಹಳೆ. ಹೆಂಡತಿಯದಕ್ಕೆ ಗಂಟೆ. ಪುಟ್ಟಿಗೆ ಗುಬ್ಬಿಯ ಚಿಂವ್ ಚಿಂವ್. ಅತ್ತೆಯದಕ್ಕೆ, ಯಾವ ಸೇಡು ತೀರಿಸಿಕೊಂಡರೋ, ಬಾತುಕೋಳಿ.

ಒಂದು ಡಬ್ಬದಲ್ಲಿ ಐದು ಬಿಲ್ಲೆ. ಇವರು ನಾಲ್ಕು ಜನ. ಬೇರೆ ಯಾರಾದರೂ ಆಗಿದ್ದರೆ ಐದನೆಯದನ್ನು ಡಬ್ಬದಲ್ಲೇ ಬಿಟ್ಟಿರುತ್ತಿದ್ದರು. ಆದರೆ ಆಟದ ಮೇಷ್ಟ್ರು ನೋಡಿ… “ಟೀಮ್ ಅಂದ ಮೇಲೆ ಒಬ್ಬ ಎಕ್ಸ್‌ಟ್ರಾ ಆಟಗಾರ ಇರಲೇಬೇಕು” ಅಂತ ಅದನ್ನೂ ಫೋನಿಗೆ ಸೇರಿಸಿದರು. ಹೆಸರಿನ ಜಾಗದಲ್ಲಿ ಹಾಕಿದರು: ಎಕ್ಸ್‌ಟ್ರಾ. ಅದಕ್ಕೆ ಬೇರೆ ಕೂಗು ಹುಡುಕಲಿಲ್ಲ. ಅದರ ಜೊತೆಗೇ ಬಂದ ಸದ್ದು ಹಾಗೇ ಉಳಿಯಿತು. ಬೆರಳಿನ ಗೆಣ್ಣಿನಲ್ಲಿ ಮರದ ಬಾಗಿಲು ತಟ್ಟಿದ ಹಾಗೆ… ಟೊಕ್. ಟೊಕ್. ಟೊಕ್.

ಪ್ರತಿ ರಾತ್ರಿ ಮಲಗುವ ಮುಂಚೆ ಹಾಜರಿ. ಮೇಷ್ಟ್ರು ಒಬ್ಬೊಬ್ಬರ ಹೆಸರು ಕೂಗಿ ಫೋನ್ ಒತ್ತುವುದು, ಬಿಲ್ಲೆ ಕೂಗುವುದು. ಕಡೆಗೆ “ಎಕ್ಸ್‌ಟ್ರಾ!” ಅಂತ ಕೂಗಿ, ತಮ್ಮ ಪೀಪಿಯ ದಾರಕ್ಕೇ ನೇತುಹಾಕಿಕೊಂಡಿದ್ದ ಬಿಲ್ಲೆಯನ್ನು ಟೊಕ್ ಟೊಕ್ ಅನ್ನಿಸಿ, ಕೀರಲು ದನಿಯಲ್ಲಿ ತಾವೇ “ಪ್ರೆಸೆಂಟ್ ಸಾರ್” ಅನ್ನುವುದು. ಪುಟ್ಟಿ ಬಿದ್ದು ಬಿದ್ದು ನಗುವುದು.

ಹೀಗೆ ದಿನಾ ರಾತ್ರಿ ಇಲ್ಲದವನನ್ನು ಕರೆಯುತ್ತಿದ್ದರು. ಪರಸ್ಥಳದಲ್ಲಿ. ಜೋರು ಗಂಟಲಿನಲ್ಲಿ. ಕಿಟಕಿ ತೆರೆದಿಟ್ಟುಕೊಂಡು.

ಈಗ ಬಾವಿಗೆ ಬರೋಣ.

ಆ ರಾತ್ರಿ, ಬೆಳಗಿನ ಕಾಫಿಗೆ ಹಾಲಿಲ್ಲವೆಂದು ಮೇಷ್ಟ್ರು ಅಂಗಡಿಗೆ ಹೋಗಿದ್ದರು. ಬರುವಾಗ ಬೀದಿದೀಪ ಆರಿತ್ತು. ಫೋನಿನ ಹೆಂಗಸು ದಾರಿ ಹೇಳುತ್ತಿದ್ದಳು. ಎಡಕ್ಕೆ ತಿರುಗಿ… ಮುಂದೆ ಬಲಕ್ಕೆ… ಹೋಗುವಾಗ ಇಷ್ಟು ತಿರುವು ಇರಲಿಲ್ಲವಲ್ಲ ಅನ್ನಿಸಿತು. ಆದರೂ ಫೋನನ್ನು ಅನುಮಾನಿಸುವ ಜಾತಿಯಲ್ಲ ಅವರು. ನಡೆದರು. ಪ್ಯಾಕೆಟ್ಟಿನಲ್ಲಿ ಹಾಲು ಚಳ್ ಚಳ್ ಅನ್ನುತ್ತಿತ್ತು. ಕಾಲಡಿಯ ಜಲ್ಲಿ ಚರ್ ಚರ್ ಅನ್ನುತ್ತಿತ್ತು.

ಆಗ ಆ ಹೆಂಗಸು ಹೇಳಿದಳು: “ನೀವು ತಲುಪಬೇಕಾದ ಜಾಗ ಬಂದಿದೆ.”

ಮೇಷ್ಟ್ರು ತಲೆಯೆತ್ತಿದರು. ಮನೆಯಿಲ್ಲ. ಎದುರಿಗೆ ಒಂದು ಬಾವಿ. ಸೊಂಟದೆತ್ತರದ ಕಲ್ಲಿನ ಕಟ್ಟೆ. ಹಗ್ಗವಿಲ್ಲದ ಒಂದು ಕಬ್ಬಿಣದ ರಾಟೆ. ಗಾಳಿಯಿರಲಿಲ್ಲ… ರಾಟೆ ಮಾತ್ರ ಕಿರ್ರ್ ಅಂದು ಸುಮ್ಮನಾಯಿತು.

ನಮ್ಮ ನಿಮ್ಮಂಥವರಾಗಿದ್ದರೆ ಅಲ್ಲಿಂದ ಕಾಲಿಗೆ ಬುದ್ಧಿ ಹೇಳುತ್ತಿದ್ದೆವು. ಮೇಷ್ಟ್ರು ಬಗ್ಗಿ ನೋಡಿದರು. ಫೋನಿನ ಟಾರ್ಚು ಹಾಕಿ, ಕಟ್ಟೆಗೆ ಎದೆ ಒತ್ತಿ. ಕೊರಳ ದಾರ ಒಳಕ್ಕೆ ಜೋತುಬಿತ್ತು. ಪೀಪಿ ಉಳಿಯಿತು. ಅದರ ಪಕ್ಕದ ಬಿಲ್ಲೆ ಕೊಂಡಿಯಿಂದ ಕಳಚಿಕೊಂಡಿತು.

ಟಿಣ್… ಕಲ್ಲಿಗೆ ತಾಗಿತು. ಟಿಣ್… ಇನ್ನೂ ಕೆಳಗೆ. ಆಮೇಲೆ ಸದ್ದೇ ಇಲ್ಲ. ಇದೇನು ತಳವಿಲ್ಲವೇ ಅಂದುಕೊಳ್ಳುವಷ್ಟು ಹೊತ್ತಾದ ಮೇಲೆ… ಬುಳುಕ್.

“ಥತ್,” ಅಂದರು. ಆದರೂ ಗುಣ ಎಲ್ಲಿ ಹೋಗುತ್ತದೆ? ನೀರಿಗೆ ಬಿದ್ದರೂ ಕೆಡುವುದಿಲ್ಲ ಅಂತ ಡಬ್ಬದ ಮೇಲೆ ಬರೆದಿತ್ತಲ್ಲ, ನೋಡೋಣ ಅಂತ ಫೋನಿನಲ್ಲಿ ‘ಎಕ್ಸ್‌ಟ್ರಾ’ ಒತ್ತಿದರು.

ಆಳದಿಂದ, ನೀರಿನಡಿಯಿಂದ ಬಂತು. ಟೊಕ್. ಟೊಕ್. ಟೊಕ್.

“ಭಲೇ!” ಅಂದರು. ಕಂಪನಿಯನ್ನು ಮನಸಾರೆ ಹೊಗಳಿದರು. ಈ ವಿಷಯ ಮನೆಯಲ್ಲಿ ಹೇಳಬಾರದು, ಅತ್ತೆ ಜೀವನಪೂರ್ತಿ ಆಡಿಕೊಳ್ಳುತ್ತಾರೆ ಅಂದುಕೊಂಡು ತಿರುಗಿದರು. ಹತ್ತು ಹೆಜ್ಜೆ ಹೋಗಿರಬಹುದು. ಫೋನು ಜೇಬಿನಲ್ಲಿತ್ತು. ಬೆರಳು ಅದರ ಮೇಲೆ ಇರಲಿಲ್ಲ.

ಹಿಂದಿನಿಂದ… ಟೊಕ್.

ಒಂದೇ ಸಲ. ನೀರಿನಡಿಯಿಂದಲ್ಲ. ಕಟ್ಟೆಯ ಮೇಲಿನಿಂದ.

ಮೇಷ್ಟ್ರು ತಿರುಗಿ ನೋಡಲಿಲ್ಲ. ಮೈದಾನದಲ್ಲಿ ಮಕ್ಕಳಿಗೆ ಅವರು ಕಲಿಸುತ್ತಿದ್ದದ್ದೂ ಅದೇ, ಓಡುವಾಗ ಹಿಂದೆ ನೋಡಬಾರದು ಅಂತ. ಆ ರಾತ್ರಿ ಅವರು ಓಡಿದ ಓಟವನ್ನು ಯಾರಾದರೂ ಅಳೆದಿದ್ದರೆ ನಮ್ಮ ಮನೆಯ ಕಪಾಟಿನಲ್ಲಿ ಇನ್ನೊಂದು ಕಪ್ ಇರುತ್ತಿತ್ತು.

ಮನೆಯ ದೀಪ ಕಂಡಿತು. ಅಂಕಿ ಒತ್ತಿದರು. ಪೀ… ಕಟಕ್. ಬಾಗಿಲು ತೆರೆಯಿತು. ಒಳಗೆ ನುಗ್ಗಿ ಬೆನ್ನು ಕೊಟ್ಟು ಮುಚ್ಚಿದರು.

“ಯಾಕ್ರೀ, ನಾಯಿ ಅಟ್ಟಿಸ್ಕೊಂಡು ಬಂತಾ?” ಹೆಂಡತಿ ಹಾಲು ಈಸಿಕೊಂಡರು.

“ವ್ಯಾಯಾಮ,” ಅಂದರು ಮೇಷ್ಟ್ರು. ಏದುಸಿರು ಬಿಡುತ್ತ.

“ಅಪ್ಪಾ, ಹಾಜರಿ!” ಪುಟ್ಟಿ ಮಂಚದಿಂದ ಜಿಗಿದು ಬಂದಳು.

“ಇವತ್ತು ಬೇಡ ಪುಟ್ಟೀ. ಲೇಟಾಯ್ತು.”

“ನೀವೇ ಅಲ್ವಾ ಹೇಳೋದು, ಹಾಜರಿ ಇಲ್ದಿದ್ರೆ ಟೀಮೇ ಇಲ್ಲ ಅಂತ?”

ಸರಿ. ಎಲ್ಲರೂ ಸಾಲಾಗಿ ನಿಂತರು. ಕಹಳೆ ಊದಿತು. ಗಂಟೆ ಬಡಿಯಿತು. ಗುಬ್ಬಿ ಕೂಗಿತು. ಅತ್ತೆಯ ಎದೆಯ ಮೇಲೆ ಬಾತುಕೋಳಿ ಕ್ವಾಕ್ ಕ್ವಾಕ್ ಅಂದಿತು. ಅತ್ತೆ ಆಗಲೇ ಕಿವಿಯ ಮಿಷನ್ನನ್ನೂ ಕನ್ನಡಕವನ್ನೂ ಬಿಚ್ಚಿ ಡಬ್ಬಿಗೆ ಹಾಕಿದ್ದರು. ಮಿಷನ್ ಬಿಚ್ಚಿದರೆ ಅವರ ಪಾಲಿಗೆ ಲೋಕವೇ ಮೂಕ. “ಕೂಗಿತಾ?” ಅಂತ ಮಗಳ ಮುಖ ನೋಡಿದರು. ಮಗಳು ತಲೆಯಾಡಿಸಿದರು. “ಹಾಗಾದ್ರೆ ಈ ಬಾತುಕೋಳಿ ಮಲಗಬಹುದಾ ಅಳಿಯಂದಿರೇ?”

ಮೇಷ್ಟ್ರು ಫೋನ್ ಜೇಬಿಗಿಡಲು ಹೋದರು.

“ಎಕ್ಸ್‌ಟ್ರಾ!” ಪುಟ್ಟಿ ಕೂಗಿದಳು. ಅಪ್ಪನ ಗಂಟಲೇ ಮಗಳಿಗೂ. ಕೂಗಿದ್ದಲ್ಲದೆ ಕೈ ಚಾಚಿ ಅಪ್ಪನ ಫೋನ್ ಒತ್ತಿಯೂ ಬಿಟ್ಟಳು.

ಸ್ವಲ್ಪ ಹೊತ್ತು ಏನೂ ಇಲ್ಲ. ಬಾವಿ ಎಲ್ಲೋ, ಮನೆ ಎಲ್ಲೋ. ಈ ಬಿಲ್ಲೆಗೆ ಫೋನು ಹತ್ತಿರವಿದ್ದರೆ ಮಾತ್ರ ಕೇಳಿಸುವುದು. ಮೇಷ್ಟ್ರ ಉಸಿರು ಇನ್ನೇನು ಸಮಕ್ಕೆ ಬರಬೇಕು…

ಟೊಕ್. ಟೊಕ್. ಟೊಕ್.

ಬಾಗಿಲ ಹೊರಗೆ.

“ಬಿಲ್ಲೆ ಹೊರಗೇ ಬೀಳಿಸಿದ್ರಾ?” ಹೆಂಡತಿ ಬಾಗಿಲ ಕಡೆ ನಡೆದರು.

“ಬೇಡ. ತೆಗೀಬೇಡ.”

“ಯಾಕೆ?”

ಯಾಕೆ ಅಂದರೆ ಏನು ಹೇಳುತ್ತಾರೆ? ಬಾವಿಗೆ ಬೀಳಿಸಿದೆ ಅನ್ನಬೇಕು. ಅಂದರೆ ನಗೆಪಾಟಲು. ಬಾಯಿ ತೆರೆದು ಮುಚ್ಚುವಷ್ಟರಲ್ಲಿ ಹೆಂಡತಿ ಬಾಗಿಲು ತೆರೆದಾಗಿತ್ತು. ಹೊರಗೆ ಯಾರೂ ಇಲ್ಲ. ಕತ್ತಲೆ, ಕಾರು, ಅಷ್ಟೇ. ಹೊಸ್ತಿಲ ಮೇಲೆ ಮಾತ್ರ ಅಂಗೈಯಗಲ ನೀರು.

“ಹಾಲಿನ ಪ್ಯಾಕೆಟ್ ಸೋರಿದೆ ನೋಡಿ,” ಅಂದರು ಹೆಂಡತಿ. ಪ್ಯಾಕೆಟ್ ಸೋರಿರಲಿಲ್ಲ. ಅದು ಹಾಲೂ ಅಲ್ಲ.

ಬಾಗಿಲು ಮುಚ್ಚಿತು. ಪೀ… ಕಟಕ್. ಮೇಷ್ಟ್ರ ಕೈಯಲ್ಲಿ ಫೋನು ಮಿನುಗಿತು. ಎಲ್ಲರೂ ಮನೆ ಸೇರಿದ ಮೇಲೆ ತಿಳಿಸು ಅಂತ ಅವರೇ ಅದಕ್ಕೆ ಹೇಳಿಟ್ಟಿದ್ದರು. ಅದು ತಿಳಿಸಿತು: ‘ಎಲ್ಲರೂ ಮನೆಯೊಳಗಿದ್ದಾರೆ. ಐವರು.’

ಆ ರಾತ್ರಿ ಮೇಷ್ಟ್ರಿಗೆ ಬೇಗ ನಿದ್ದೆ ಹತ್ತಲಿಲ್ಲ.

“ರೀ… ನಿದ್ದೆ ಬರ್ತಿಲ್ವಾ?” ಹೆಂಡತಿ ಪಿಸುಗುಟ್ಟಿದರು.

“ಬರುತ್ತೆ.”

“ಏನನ್ನ ಕೇಳಿಸ್ಕೊಳ್ತಿದೀರಿ?”

“ಏನಿಲ್ಲ. ಮಲ್ಕೋ.”

ಗೋಡೆಯಾಚೆ, ಅತ್ತೆಯ ಕೋಣೆಯಲ್ಲಿ, ನೆಲದ ಮೇಲೆ ಒದ್ದೆ ಬಟ್ಟೆ ಎತ್ತಿ ಇಟ್ಟ ಹಾಗೆ ಸದ್ದು. ಪಚ್… ಪಚ್… ಪಚ್… ಆಮೇಲೆ ನಿಂತಿತು. ನಲ್ಲಿ ಸರಿಯಾಗಿ ಮುಚ್ಚಿಲ್ಲ, ಅಷ್ಟೇ, ಅಂದುಕೊಂಡರು. ಎದ್ದು ನೋಡಬೇಕು ಅಂದುಕೊಂಡರು. ಏಳಲಿಲ್ಲ. ನಾನಾಗಿದ್ದರೆ ಎದ್ದಿರುತ್ತಿದ್ದೆ… ಹೂಂ, ನಗಿ, ನಗಿ.

ಹೇಗೋ ಕಣ್ಣಿಗೆ ಜೊಂಪು ಹತ್ತಿತು. ಎಚ್ಚರವಾದದ್ದು ಒಂದೇ ಸದ್ದಿಗೆ.

ಪೀ… ಕಟಕ್.

ಮುಂಬಾಗಿಲು. ಒಳಗಿನಿಂದ ತೆಗೆದದ್ದು.

ಪಕ್ಕದಲ್ಲಿ ಹೆಂಡತಿ ಮಲಗಿದ್ದಾರೆ. ಆಚೆ ಪುಟ್ಟಿ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದಾಳೆ. ತಲೆದಿಂಬಿನ ಪಕ್ಕ ಫೋನು ಬೆಳಗಿತು. ರಾತ್ರಿ ಯಾರಾದರೂ ಹೊರಗೆ ಹೋದರೆ ತಿಳಿಸು ಅಂತಲೂ ಹೇಳಿಟ್ಟಿದ್ದರು. ಅತ್ತೆಗೋಸ್ಕರ. ಮೇಷ್ಟ್ರು ಓದಿದರು.

‘ಇಬ್ಬರು ಮನೆಯಿಂದ ಹೊರಟಿದ್ದಾರೆ. ಅತ್ತೆ. ಎಕ್ಸ್‌ಟ್ರಾ.’

ಬರಿಗಾಲಲ್ಲೇ ಓಡಿದರು. ಬಾಗಿಲು ಹಾರು ಹೊಡೆದಿತ್ತು. ಹೊರಗೆ ತೆಳ್ಳಗೆ ಬೆಳದಿಂಗಳು. ಜಲ್ಲಿಯ ದಾರಿಯಲ್ಲಿ ಅತ್ತೆ ನಡೆದು ಹೋಗುತ್ತಿದ್ದರು. ಕನ್ನಡಕವಿಲ್ಲ, ಕಿವಿಯ ಮಿಷನ್ನಿಲ್ಲ. ಆದರೆ ತಡವರಿಸುತ್ತಿರಲಿಲ್ಲ. ಬಲಗೈಯನ್ನು ಪಕ್ಕಕ್ಕೆ ಸ್ವಲ್ಪ ಚಾಚಿದ್ದರು, ಕೆಳಕ್ಕೆ… ನಾವು ಮಗುವಿನ ಕೈ ಹಿಡಿದು ನಡೆಯುವಾಗ ಚಾಚುತ್ತೇವಲ್ಲ, ಹಾಗೆ.

ಅವರ ಚಪ್ಪಲಿ ಚರ್ ಚರ್ ಅನ್ನುತ್ತಿತ್ತು. ಅದರ ಜೊತೆಗೆ, ಚಿಕ್ಕದಾಗಿ, ಇನ್ನೊಂದು. ಪಚ್… ಪಚ್… ಪಚ್…

“ಅತ್ತೇ!” ಆ ಗಂಟಲು, ಬ್ಯಾಂಕಿನ ಜನರನ್ನು ಸಾಲಾಗಿ ನಿಲ್ಲಿಸುವ ಗಂಟಲು. ಅತ್ತೆಗೆ ಕೇಳಿಸಲಿಲ್ಲ. ಫೋನ್ ಒತ್ತಿದರು. ಕ್ವಾಕ್ ಕ್ವಾಕ್ ಕ್ವಾಕ್. ಬಾತುಕೋಳಿ ಅವರ ಎದೆಯ ಮೇಲೆಯೇ ಅರಚಿತು. ಅತ್ತೆಗೆ ಅದೂ ಕೇಳಿಸಲಿಲ್ಲ. ಅವರು ಪಕ್ಕಕ್ಕೆ ಬಗ್ಗಿ ಏನೋ ಹೇಳಿದರು. ಯಾರಿಗೋ. ಆಮೇಲೆ ನಕ್ಕರು.

ಬಾವಿಯ ಕಟ್ಟೆ ಕಂಡಿತು. ರಾಟೆ ಕಿರ್ರ್ ಅಂದಿತು.

ಮೇಷ್ಟ್ರು ಓಡಿಹೋಗಿ ಅತ್ತೆಯ ಎಡಗೈ ಹಿಡಿದುಕೊಂಡರು. ಸಿಕ್ಕಿತು! ಗೆದ್ದೆ ಅಂದುಕೊಂಡರು. ಎಳೆದರು.

ಆಚೆಯಿಂದಲೂ ಎಳೆಯಿತು.

ಕೇಳಿ ಇಲ್ಲಿ. ಹಗ್ಗಜಗ್ಗಾಟದಲ್ಲಿ ಸೋತು ಗೊತ್ತಿಲ್ಲದ ಮನುಷ್ಯ ಅದು. ನಮ್ಮ ಮನೆತನದ ತೋಳು. ಒಮ್ಮೆ ನಾನೂ ಅವರೂ ಸೇರಿ ಕೆಸರಲ್ಲಿ ಹೂತ ಲಾರಿ ಎಳೆದಿದ್ದೇವೆ. ಡ್ರೈವರ್ ಎಂಜಿನ್ ಚಾಲೂ ಮಾಡಿದ್ದ, ಅದು ಬೇರೆ ವಿಷಯ. ಅಂಥ ಮನುಷ್ಯನ ಹಿಮ್ಮಡಿ ಜಲ್ಲಿಯಲ್ಲಿ ಚರ್ರ್… ಅಂತ ಮುಂದಕ್ಕೆ ಜಾರಿತು. ಆಚೆ ಬದಿಯಲ್ಲಿ ಯಾರೂ ಕಾಣುವುದಿಲ್ಲ. ಅತ್ತೆಯ ಬಲಗೈ ಮಾತ್ರ ಗಾಳಿಯಲ್ಲಿ ಕೋಲಿನ ಹಾಗೆ ನೆಟ್ಟಗಾಗಿದೆ. ಅದರ ಮಣಿಕಟ್ಟಿನ ಚರ್ಮದಲ್ಲಿ ಐದು ಕಡೆ ತಗ್ಗು ಬಿದ್ದಿದೆ. ಚಿಕ್ಕ ಚಿಕ್ಕ ತಗ್ಗು.

“ಅಯ್ಯೋ, ಕೈ ನೋಯುತ್ತೆ, ಬಿಡ್ರೋ!” ಅತ್ತೆ ಕೂಗಿದರು. ಯಾರು ಎಳೆಯುತ್ತಿದ್ದಾರೆ ಅಂತಲೂ ಅವರಿಗೆ ಗೊತ್ತಿಲ್ಲ.

ಇನ್ನೊಂದು ಮಾರು. ಇನ್ನು ಅರ್ಧ ಮಾರು. ಅತ್ತೆಯ ಮೊಣಕಾಲು ಕಟ್ಟೆಗೆ ತಾಗಿತು.

ಬಲದಿಂದ ಆಗುವುದಿಲ್ಲ ಅಂತ ಮೇಷ್ಟ್ರಿಗೆ ತಿಳಿದುಹೋಯಿತು. ಮತ್ತೆ ಯಾವುದರಿಂದ? ತಲೆಯೊಳಗೆ ಏನೂ ಇಲ್ಲ. ಇಷ್ಟು ವರ್ಷದ ಕೆಲಸದಲ್ಲಿ ಅವರಿಗೆ ಬರುತ್ತಿದ್ದದ್ದು ಎರಡೇ ವಿದ್ಯೆ, ಎಳೆಯುವುದು ಮತ್ತು… ಅಪ್ಪಣೆ ಕೊಡುವುದು.

ಕರೆದದ್ದು ನಾನೇ ಅಲ್ಲವೇ, ಅನ್ನಿಸಿತು ಮೇಷ್ಟ್ರಿಗೆ. ಹೆಸರು ಕೊಟ್ಟದ್ದು ನಾನೇ. ಟೀಮಿಗೆ ಸೇರಿಸಿಕೊಂಡದ್ದು ನಾನೇ.

ಒಂದು ಕೈಯಲ್ಲಿ ಅತ್ತೆ. ಇನ್ನೊಂದು ಕೈಯ ಹೆಬ್ಬೆರಳಲ್ಲಿ ಫೋನ್ ಒತ್ತಿದರು. ಕೂಗಿದರು.

“ಎಕ್ಸ್‌ಟ್ರಾ!”

ಟೊಕ್. ಟೊಕ್. ಟೊಕ್.

ಅಲ್ಲೇ. ಅವರ ಸೊಂಟದೆತ್ತರದಲ್ಲಿ. ಎಳೆತ ಒಂದು ಕೂದಲೆಳೆ ಸಡಿಲವಾಯಿತು. ಮಗುವೊಂದು ಹೆಸರು ಕೂಗಿದ ಕೂಡಲೇ ನೆಟ್ಟಗೆ ನಿಂತ ಹಾಗೆ.

ಮೇಷ್ಟ್ರು ಪೀಪಿಯನ್ನು ಬಾಯಿಗಿಟ್ಟರು. ಮೊದಲು ಬರೀ ಗಾಳಿ ಬಂತು. ಎರಡನೆಯ ಸಲ ಬಂತು ಸದ್ದು. ಪ್ರೀ…ಯ್… ಉದ್ದಕ್ಕೆ, ಸಂಜೆಯ ಆಟ ಮುಗಿದಾಗ ಊದುವ ಹಾಗೆ. ಆಮೇಲೆ, ಯೋಚನೆ ಮಾಡದೆ, ದಿನಾ ಹೇಳುವ ಹಾಗೇ ಹೇಳಿದರು.

“ಡಿಸ್‌ಪರ್ಸ್! ಸೀದಾ ಮನೆಗೆ!”

ಹಗ್ಗ ಕಡಿದ ಹಾಗೆ ಬಿಟ್ಟಿತು. ಮೇಷ್ಟ್ರು ಹಿಂದಕ್ಕೆ ಉರುಳಿದರು, ಅವರ ಮೇಲೆ ಅತ್ತೆ ಉರುಳಿದರು. ಮಲಗಿದ ಹಾಗೇ ಮೇಷ್ಟ್ರು ಕಿವಿಗೊಟ್ಟರು. ಈಗ ಬಾವಿಯೊಳಗೆ ಬುಳುಕ್ ಅನ್ನಬೇಕು. ಅನ್ನಲಿ. ಅನ್ನಲಿ ದೇವರೇ…

ಬಾವಿ ಸುಮ್ಮನಿತ್ತು. ಪಚ್ ಪಚ್ ಪಚ್ ಪಚ್… ಪುಟ್ಟ ಕಾಲುಗಳು ಅವರ ತಲೆಯ ಪಕ್ಕದಿಂದಲೇ ಓಡಿಹೋದವು. ಸದ್ದು ದೂರವಾಯಿತು. ಎಲ್ಲೋ ಆಚೆ ನಿಂತಿತು. ಹೋಯಿತು ಪೀಡೆ, ಅಂದರು ಮೇಷ್ಟ್ರು. ಕಣ್ಣಲ್ಲಿ ನೀರು ಬಂತು.

ಅತ್ತೆಯನ್ನು ಎಬ್ಬಿಸಿ, ತೋಳು ಹಿಡಿದು ಮನೆಗೆ ತಂದರು. ಹೆಂಡತಿಗೆ ಎಚ್ಚರವಾಗಿರಲಿಲ್ಲ. ಅಡುಗೆಮನೆಯಲ್ಲಿ ಅತ್ತೆಯನ್ನು ಕೂರಿಸಿ, ನೀರು ಕೊಟ್ಟು, ಕಿವಿಗೆ ಮಿಷನ್ ಸಿಕ್ಕಿಸಿದರು.

“ಎಲ್ಲಿಗೆ ಹೊರಟಿದ್ರಿ ಅತ್ತೆ?” ಮೆಲ್ಲಗೆ.

“ನಾನೆಲ್ಲಿ ಹೊರಟೆ? ಪುಟ್ಟಿ ಬಂದು ಎಬ್ಬಿಸಿದಳು. ಅಜ್ಜಿ, ಬಾ, ಒಂದು ಜಾಗ ತೋರಿಸ್ತೀನಿ ಅಂದಳು.”

“ನಿಮಗೆ ಮಿಷನ್ ಇಲ್ದೆ ಏನೂ ಕೇಳ್ಸಲ್ವಲ್ಲ?”

ಅತ್ತೆ ಲೋಟ ಕೆಳಗಿಟ್ಟರು. “ಹೌದಲ್ಲ… ಅವಳ ಮಾತು ಮಾತ್ರ ಎಷ್ಟು ಚೆನ್ನಾಗಿ ಕೇಳಿಸ್ತಪ್ಪ. ಕಿವಿಯೊಳಗೇ ಕೂತು ಹೇಳಿದ ಹಾಗೆ.” ಮಣಿಕಟ್ಟು ಉಜ್ಜಿಕೊಂಡರು. “ಕೈ ಮಾತ್ರ ತಣ್ಣಗಿತ್ತು. ಮಗು ಒದ್ದೆಯಾಗಿತ್ತು, ಪಾಪ.”

ಅಷ್ಟು ವರ್ಷ ಒಬ್ಬರಿಗೊಬ್ಬರು ಕಾಲೆಳೆದುಕೊಂಡೇ ಬದುಕಿದ ಅತ್ತೆ ಅಳಿಯ, ಬೆಳಗಿನ ತನಕ ಒಂದೇ ಬೆಂಚಿನ ಮೇಲೆ ಭುಜಕ್ಕೆ ಭುಜ ತಾಗಿಸಿ ಕೂತಿದ್ದರು. ನಡುವೆ ಒಮ್ಮೆ ಮೇಷ್ಟ್ರು ಫೋನ್ ತೆಗೆದು, ಹಾಜರಿಯಿಂದ ಐದನೆಯ ಹೆಸರು ಅಳಿಸಿದರು. ಖಂಡಿತ ಅಳಿಸಲೇ ಅಂತ ಅದು ಕೇಳಿತು. ಖಂಡಿತ ಅಂತ ಒತ್ತಿದರು. ಅಳಿಸಿಹೋಯಿತು.

ಬೆಳಕು ಹರಿಯುತ್ತಲೇ ಗಂಟುಮೂಟೆ ಕಟ್ಟಿದರು. “ಶಾಲೆಯಿಂದ ಕರೆದಿದ್ದಾರೆ” ಅಂತ ಹೆಂಡತಿಗೆ ಸುಳ್ಳು. “ರಜೇಲೂ ಬಿಡಲ್ವಾ ಅವ್ರು?” ಅಂತ ಹೆಂಡತಿ ಗೊಣಗಿದರು. ಕಾರಿನಲ್ಲಿ ಹೆಂಡತಿ ಮುಂದೆ. ಹಿಂದೆ ಒಂದು ಕಿಟಕಿಗೆ ಪುಟ್ಟಿ, ಇನ್ನೊಂದು ಕಿಟಕಿಗೆ ಅತ್ತೆ. ಮೇಷ್ಟ್ರು ಕಾರು ಚಾಲೂ ಮಾಡಿದರು.

ಟಿಂಗ್… ಟಿಂಗ್… ಟಿಂಗ್…

“ಬೆಲ್ಟ್ ಹಾಕ್ಕೊಳ್ಳಿ,” ಅಂದರು.

“ಹಾಕಿದೀನಿ.” “ನಾನೂ ಹಾಕಿದೀನಿ ಅಪ್ಪಾ.”

ಟಿಂಗ್… ಟಿಂಗ್…

ಮೇಷ್ಟ್ರು ಎದುರಿನ ಪರದೆ ನೋಡಿದರು. ಹಿಂದಿನ ಸಾಲು. ನಡುವಿನ ಸೀಟು. ಕೆಂಪಗೆ.

“ಪುಟ್ಟೀ… ನಡುವಿನ ಸೀಟಿಂದ ಬ್ಯಾಗ್ ತೆಗಿ.”

“ಬ್ಯಾಗ್ ಡಿಕ್ಕೀಲಿದೆ. ಇಲ್ಲಿ ಏನೂ ಇಲ್ಲಪ್ಪಾ.”

ಟಿಂಗ್… ಟಿಂಗ್…

ಅವರು ರಾತ್ರಿ ಕೊಟ್ಟ ಅಪ್ಪಣೆ ಆಗ ನೆನಪಾಯಿತು. ಪದಕ್ಕೆ ಪದ: ಸೀದಾ ಮನೆಗೆ. ಕನ್ನಡಿಯಲ್ಲಿ ಅತ್ತೆಯ ಕಣ್ಣು ಸಿಕ್ಕಿತು. ಅತ್ತೆಗೂ ತಿಳಿದಿತ್ತು. ಅವರು ಒಂದು ಕ್ಷಣ ಕಣ್ಣು ಮುಚ್ಚಿಕೊಂಡರು. ಆಮೇಲೆ ಕೈ ಚಾಚಿ, ನಡುವಿನ ಸೀಟಿನ ಬೆಲ್ಟನ್ನು ಮೆಲ್ಲಗೆ ಎ…ಳೆದು, ಖಾಲಿ ಜಾಗದ ಮೇಲೆ ಹಾಯಿಸಿ ಸಿಕ್ಕಿಸಿದರು.

ಕಟಕ್.

ಟಿಂಗ್ ನಿಂತಿತು.

“ಏನಮ್ಮಾ ಮಾಡ್ತಿದೀಯಾ?” ಹೆಂಡತಿ ತಿರುಗಿ ನೋಡಿದರು.

“ಏನಿಲ್ಲ ಕಣೇ,” ಅಂದರು ಅತ್ತೆ. “ಗಾಡಿ ಬಿಡಿ ಅಳಿಯಂದಿರೇ. ಎಲ್ಲರೂ ಕೂತಾಯ್ತು.”

ಇಷ್ಟೇ. ಮೇಷ್ಟ್ರು ಈಗಲೂ ಅದೇ ಶಾಲೆಯಲ್ಲಿದ್ದಾರೆ, ಸಂಜೆ ಪೀಪಿ ಊದುತ್ತಾರೆ. ‘ಸೀದಾ ಮನೆಗೆ’ ಅನ್ನುವುದನ್ನು ಮಾತ್ರ ಬಿಟ್ಟಿದ್ದಾರೆ. ಅತ್ತೆ ಸ್ನಾನಕ್ಕೆ ಹೋದರೂ ಬಾತುಕೋಳಿ ಬಿಲ್ಲೆ ಬಿಚ್ಚುವುದಿಲ್ಲ.

ನಂಬುವುದಿಲ್ಲವೇ? ಬೇಡ ಬಿಡಿ. ಏಳು ದೆವ್ವದ ಕತೆ ನಂಬಿದವರಿಗೆ ಇದೊಂದು ಭಾರವಾಯಿತೇ! ಹೋದ ಬೇಸಿಗೆಯಲ್ಲಿ ನಾನೇ ಅವರ ಜೊತೆ ಆ ಕಾರಿನಲ್ಲಿ ಹೋಗಿದ್ದೆ. ಹಿಂದೆ ಹತ್ತಿ ನಡುವೆ ಕೂರಲು ಹೋದೆ. ಬೆಲ್ಟು ಸಿಕ್ಕಿಸಿಯೇ ಇತ್ತು. “ಅಲ್ಲಿ ಬೇಡ ಕಣೋ, ಮುಂದೆ ಬಾ,” ಅಂದರು ಮೇಷ್ಟ್ರು, ಬಹಳ ಮೆತ್ತಗೆ. ಬಿಸಿಲು ಬೆಂಕಿ ಸುರಿಯುತ್ತಿತ್ತು. ಕಾರು ಮೂರು ದಿನದಿಂದ ಅಂಗಳದಲ್ಲಿ ನಿಂತು ಒಲೆಯ ಹಾಗೆ ಕಾದಿತ್ತು. ನಾನು ಇಳಿಯುವಾಗ ಆ ಬೆಲ್ಟನ್ನು ಈ ಕೈಯಲ್ಲಿ, ನೋಡಿ, ಇದೇ ಕೈಯಲ್ಲಿ, ಮುಟ್ಟಿದೆ.

ಒದ್ದೆಯಾಗಿತ್ತು.